ಕ್ಯಾನ್ಸರ್ ಇರುವ ಮಕ್ಕಳ ಕುಟುಂಬಗಳಿಗೆ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ನಿಮ್ಮ ಸಂಸ್ಥೆ ಮಾಡುವ ಕೆಲಸ ಏನು?

ಚಿಕಿತ್ಸೆ ಕೊಡುವುದು ಆಸ್ಪತ್ರೆ. ಆ ಚಿಕಿತ್ಸೆ ನಡುವೆ ನಿಂತುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಓಡಾಟದ ಖರ್ಚು, ಆಸ್ಪತ್ರೆಯ ಹತ್ತಿರ ಉಳಿಯಲು ಕೋಣೆ, ಕೆಲಸ ಬಿಟ್ಟು ಮಗುವಿನ ಜೊತೆ ಕೂತವರ ಸಂಪಾದನೆಯಲ್ಲಿ ಒಂದು ಪಾಲು, ಕಾಗದಪತ್ರದ ಓಡಾಟ, ಮನೆಯಲ್ಲೇ ಉಳಿದ ಮಕ್ಕಳ ಆರೈಕೆ. ಇವಿಷ್ಟೇ. ಆಪರೇಷನ್, ರೇಡಿಯೇಷನ್, ಕೀಮೋ ಬಿಲ್ಲುಗಳನ್ನು ನಾವು ಕಟ್ಟುವುದಿಲ್ಲ. ಅದಕ್ಕೆ ಬೇರೆ ನಿಧಿಗಳಿವೆ, ವಿಮೆ ಇದೆ. ಅಲ್ಲಿಗೆ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತು ಸಹಾಯ ಮಾಡುತ್ತೇವೆ.

ಔಷಧದ ಬಿಲ್ಲು ದೊಡ್ಡದು, ಓಡಾಟದ ಖರ್ಚು ಯಾವ ಲೆಕ್ಕ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಔಷಧ ಉಚಿತವಾಗಿ ಸಿಗುವ ಕಡೆಯೂ ಮಕ್ಕಳು ಚಿಕಿತ್ಸೆ ಅರ್ಧಕ್ಕೆ ಬಿಡುತ್ತಾರೆ ಎನ್ನುವುದನ್ನು ನೋಡಿದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾದರೆ, ಹಲವು ಬಡ ದೇಶಗಳಲ್ಲಿ ಆ ಸಂಖ್ಯೆ 30ನ್ನೂ ಮುಟ್ಟುವುದಿಲ್ಲ. ರೋಗ ತಡವಾಗಿ ಗೊತ್ತಾಗುವುದು, ಔಷಧ ಸಿಗದಿರುವುದು ಇದಕ್ಕೆ ಕಾರಣ ಹೌದು. ಚಿಕಿತ್ಸೆ ನಡುವೆ ಬಿಡುವುದೂ ಅದೇ ಪಟ್ಟಿಯಲ್ಲಿದೆ. ನಮ್ಮಂಥ ಚಿಕ್ಕ ಸಂಸ್ಥೆಯ ಕೈಗೆ ಎಟಕುವ ಕಾರಣ ಅದೊಂದೇ.

ಮಗು ಈಗ ಚೆನ್ನಾಗಿದೆ, ಆಡುತ್ತಿದೆ. ಇನ್ನೂ ಎರಡು ವರ್ಷ ಔಷಧ ಯಾಕೆ?

ಚಿಕಿತ್ಸೆ ಬಿಡುವುದಕ್ಕೆ ಮೊದಲ ಮೆಟ್ಟಿಲೇ ಈ ಪ್ರಶ್ನೆ. ಹಾಗಾಗಿ ಉತ್ತರ ಉದ್ದವಾಗಿದೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಮೊದಲ ಹಂತ ಇಂಡಕ್ಷನ್, ಸುಮಾರು 4 ವಾರ. ಅದು ಮುಗಿಯುವ ಹೊತ್ತಿಗೆ ಹೆಚ್ಚಿನ ಮಕ್ಕಳ ಬೋನ್ ಮ್ಯಾರೋ (ಮೂಳೆಯ ಒಳಗಿನ ಮಜ್ಜೆ) ಪರೀಕ್ಷೆಯಲ್ಲಿ ಕೆಟ್ಟ ಕೋಶಗಳು 5 ಶೇಕಡಾಕ್ಕಿಂತ ಕೆಳಗೆ ಇಳಿದಿರುತ್ತವೆ. ಇದಕ್ಕೆ ರೆಮಿಷನ್ ಅನ್ನುತ್ತಾರೆ. ಜ್ವರ ಹೋಗಿರುತ್ತದೆ, ಮೈ ಮೇಲಿನ ನೀಲಿ ಕಲೆಗಳು ಮಾಯವಾಗಿರುತ್ತವೆ, ಊಟ ಸೇರುತ್ತದೆ. ಆದರೆ ಮೈಕ್ರೋಸ್ಕೋಪಿಗೆ ಕಾಣದ ಕೋಶಗಳು ಇನ್ನೂ ಇರುತ್ತವೆ. ಈ ಹಂತದಲ್ಲಿ ನಿಲ್ಲಿಸಿದರೆ ರೋಗ ಮರಳಿ ಬರುವುದು ಬಹುತೇಕ ಖಚಿತ. ಎರಡನೇ ಸಲ ಬಂದದ್ದು ಮೊದಲ ಸಲದಷ್ಟು ಸುಲಭವಾಗಿ ಬಗ್ಗುವುದಿಲ್ಲ. ಮುಂದಿನ ಕೆಲವು ತಿಂಗಳು ಜೋರು ಕೀಮೋ, ಆಮೇಲೆ ಮೇಂಟೆನೆನ್ಸ್ ಎಂಬ ಮಾತ್ರೆಗಳ ಹಂತ. ಎಲ್ಲ ಸೇರಿ ಎರಡರಿಂದ ಮೂರು ವರ್ಷ.

ಮೇಂಟೆನೆನ್ಸ್‌ನಲ್ಲಿ ಸಾಮಾನ್ಯವಾಗಿ ಎರಡು ಮಾತ್ರೆ: ಮರ್ಕ್ಯಾಪ್ಟೊಪ್ಯೂರಿನ್ ದಿನವೂ, ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ. ದೊಡ್ಡ ಅನಾಹುತ ಆಗುವುದು ಇಲ್ಲೇ. ವಾರಕ್ಕೊಮ್ಮೆ ಕೊಡಬೇಕಾದದ್ದನ್ನು ದಿನವೂ ಕೊಟ್ಟುಬಿಟ್ಟರೆ ಬಾಯಿ ಹುಣ್ಣು, ರಕ್ತದ ಕೌಂಟ್ (ರಕ್ತಕಣಗಳ ಸಂಖ್ಯೆ) ಪಾತಾಳಕ್ಕೆ ಇಳಿಯುವುದು, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಮೆಥೋಟ್ರೆಕ್ಸೇಟ್ ಡಬ್ಬಿಯ ಮೇಲೆ ವಾರದ ಯಾವ ದಿನ ಕೊಡಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಕೊಟ್ಟ ದಿನ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಮನೆಯಲ್ಲಿ ಇಬ್ಬರು ಔಷಧ ಕೊಡುವವರಿದ್ದರೆ ಗೀಟು ನೋಡದೆ ಇಬ್ಬರೂ ಕೊಡಬಾರದು. ಕ್ಯಾಲೆಂಡರ್, ಸ್ಟಿಕ್ಕರ್, ಡಬ್ಬಿ ನಮ್ಮಲ್ಲಿ ಉಚಿತ.

ಅಲ್ಲೊಂದು ಇಲ್ಲೊಂದು ದಿನ ತಪ್ಪಿದರೆ? ನೂರಕ್ಕೆ 95ಕ್ಕಿಂತ ಕಡಿಮೆ ಡೋಸ್ ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ತಿಂಗಳಿಗೆ ಎರಡು ದಿನ ತಪ್ಪಿದರೂ ಆ ಗೆರೆಯಿಂದ ಕೆಳಗೆ ಇಳಿದಂತೆಯೇ. ತಪ್ಪಿದ ಡೋಸನ್ನು ಮರುದಿನ ಎರಡರಷ್ಟು ಮಾಡಿ ಕೊಡಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ನೆರವಿಗೆ ಅರ್ಜಿ ಹಾಕುವುದು ಹೇಗೆ?

ಮೊದಲು ಆಸ್ಪತ್ರೆಯ ಸೋಶಿಯಲ್ ವರ್ಕರ್ ಅವರನ್ನು ಕಾಣಿ. ಅವರ ಪತ್ರ ಇದ್ದರೆ ಅರ್ಧ ಕೆಲಸ ಆದಂತೆ. ಪತ್ರದ ಜೊತೆ ಬೇಕಾದದ್ದು ನಾಲ್ಕೇ: ರೋಗ ಯಾವುದೆಂದು ಹೇಳುವ ಬಯಾಪ್ಸಿ ಅಥವಾ ಬೋನ್ ಮ್ಯಾರೋ ವರದಿ, ಎಷ್ಟು ವಾರ, ಯಾವ ಯಾವ ದಿನ ಬರಬೇಕು ಎಂದು ಬರೆದಿರುವ ಚಿಕಿತ್ಸೆಯ ಪಟ್ಟಿ, ತಂದೆ ತಾಯಿ ಅಥವಾ ಪೋಷಕರ ಗುರುತಿನ ಚೀಟಿ, ಬ್ಯಾಂಕ್ ಖಾತೆಯ ವಿವರ. ಆದಾಯ ಪ್ರಮಾಣಪತ್ರ ಮೊದಲ ದಿನವೇ ಬೇಡ. ಅದನ್ನು ತರಲು ಒಂದು ವಾರ ಅಲೆದರೆ ಆ ವಾರದ ಕೀಮೋ ತಪ್ಪುತ್ತದೆ.

ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಮೊದಲೇ ಹೇಳಿಬಿಡುತ್ತೇವೆ. ಮಗುವಿನ ಹೆಸರು ವರದಿಯಲ್ಲಿ ಒಂದು ಥರ, ಜನನ ಪತ್ರದಲ್ಲಿ ಇನ್ನೊಂದು ಥರ ಇರುತ್ತದೆ. ಇದನ್ನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮೊದಲ ವಾರವೇ ಸರಿಮಾಡಿಸಿಕೊಳ್ಳಿ, ಇಲ್ಲದಿದ್ದರೆ ವಿಮೆಯವರೂ ಇದೇ ತಕರಾರು ತೆಗೆಯುತ್ತಾರೆ. ಬ್ಯಾಂಕ್ ಖಾತೆ ಬೇರೆ ಯಾರದ್ದೋ ಹೆಸರಿನಲ್ಲಿದ್ದು, ಪಾಸ್‌ಬುಕ್ ಊರಿನಲ್ಲಿ ಉಳಿದಿರುತ್ತದೆ. ಮೊಬೈಲಿನಲ್ಲಿ ತೆಗೆದ ವರದಿಯ ಫೋಟೋದಲ್ಲಿ ಕೆಳಗಿನ ಸಹಿಯೇ ಕತ್ತರಿಸಿಹೋಗಿರುತ್ತದೆ. ಕಾಗದವನ್ನು ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ನಾಲ್ಕೂ ಮೂಲೆ ಕಾಣುವಂತೆ ತೆಗೆಯಿರಿ.

ವರದಿ ಇನ್ನೂ ಬಂದಿಲ್ಲ ಎಂದರೂ ಅರ್ಜಿ ಹಾಕಬಹುದು. ಕ್ಯಾನ್ಸರ್ ಸಂಶಯದ ಮೇಲೆ ಪರೀಕ್ಷೆ ನಡೆಯುತ್ತಿದೆ ಎಂದು ವೈದ್ಯರು ಎರಡು ಸಾಲು ಬರೆದುಕೊಟ್ಟರೆ ಓಡಾಟದ ಹಣ ಆಗಲೇ ಶುರುವಾಗುತ್ತದೆ. ಕೊನೆಗೆ ಕ್ಯಾನ್ಸರ್ ಅಲ್ಲವೆಂದು ಗೊತ್ತಾದರೆ ಒಳ್ಳೆಯದೇ ಆಯಿತು, ಕೊಟ್ಟದ್ದನ್ನು ವಾಪಸ್ ಕೇಳುವುದಿಲ್ಲ.

ಹಣ ಯಾವಾಗ ಕೊಡುತ್ತೀರಿ, ಬಿಲ್ ಕೊಟ್ಟ ಮೇಲಾ?

ಓಡಾಟದ ಹಣ ಮುಂಗಡ. ಟಿಕೆಟ್ ತೋರಿಸಿದ ಮೇಲೆ ಕೊಡುವ ಪದ್ಧತಿಯಿಂದ ಅನುಕೂಲವಾಗುವುದು ಕೈಯಲ್ಲಿ ಆಗಲೇ ಹಣ ಇದ್ದವರಿಗೆ. ಇಲ್ಲದವರು ಸಾಲ ಮಾಡಿ ಬರಬೇಕು, ಇಲ್ಲವೇ ಬರುವುದನ್ನೇ ಬಿಡಬೇಕು. ಒಂದು ಭೇಟಿಗೆ ಮಗು ಮತ್ತು ಒಬ್ಬ ಹಿರಿಯರ ಹೋಗಿ ಬರುವ ಖರ್ಚು ಕೊಡುತ್ತೇವೆ. ಮುಂದಿನ ಭೇಟಿಗೆ ಹಿಂದಿನದರ ಟಿಕೆಟ್ ಅಥವಾ ಆಸ್ಪತ್ರೆಯ ಚೀಟಿ ತೋರಿಸಿದರೆ ಸಾಕು. ಕೌಂಟ್ ತೀರಾ ಬಿದ್ದಿರುವ ಮಗುವನ್ನು ಜನ ತುಂಬಿದ ವಾಹನದಲ್ಲಿ ಕರೆತರಬೇಡಿ ಎಂದು ವೈದ್ಯರು ಹೇಳಿದ್ದರೆ ಬಾಡಿಗೆ ಕಾರಿನ ಖರ್ಚೂ ಸೇರುತ್ತದೆ.

ಕೋಣೆಯ ಬಾಡಿಗೆ ಮಾಲೀಕರಿಗೆ ನೇರವಾಗಿ ಹೋಗುತ್ತದೆ. ದಿನಸಿಗೆ, ಫೋನ್ ರೀಚಾರ್ಜಿಗೆ ತಿಂಗಳಿಗೊಂದು ಮೊತ್ತ ನಿಮ್ಮ ಖಾತೆಗೆ ಬರುತ್ತದೆ. ಅದಕ್ಕೆ ಲೆಕ್ಕ ಕೇಳುವುದಿಲ್ಲ.

ರಾತ್ರಿ ಜ್ವರ ಬಂದರೆ ಏನು ಮಾಡಬೇಕು? ನಿಮಗೆ ಮೊದಲು ಫೋನ್ ಮಾಡಬೇಕಾ?

ಬೇಡ. ಆಸ್ಪತ್ರೆಗೆ ಫೋನ್ ಮಾಡಿ, ಸಿಕ್ಕ ವಾಹನ ಹತ್ತಿ. ನಮಗೆ ಮರುದಿನ ಹೇಳಿದರೆ ಸಾಕು. ಜ್ವರದ ರಾತ್ರಿಯ ವಾಹನದ ಬಾಡಿಗೆಗೆ ಅನುಮತಿ ಬೇಕಿಲ್ಲ, ಎಷ್ಟೇ ಆದರೂ ಕೊಡುತ್ತೇವೆ. ನಮ್ಮ ನಿಯಮಗಳಲ್ಲಿ ಮಿತಿ ಇಲ್ಲದ ಖರ್ಚು ಇದೊಂದೇ.

ಕೀಮೋ ಕೊಟ್ಟ ನಂತರ, ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ, ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಳ ಹಿಡಿಯುತ್ತವೆ. ವರದಿಯಲ್ಲಿ ಎಎನ್‌ಸಿ ಎಂದು ಬರೆದಿರುವುದು ಇದರ ಲೆಕ್ಕ. ಅದು 500ಕ್ಕಿಂತ ಕೆಳಗಿರುವಾಗ ಬರುವ ಜ್ವರ ಬೇರೆ ಮಕ್ಕಳ ಜ್ವರದಂತಲ್ಲ. ಕೀವು, ಊತ ಮಾಡಲು ಬೇಕಾದ ಕಣಗಳೇ ಇಲ್ಲದ ಕಾರಣ ಸೋಂಕಿನ ಗುರುತೇ ಹೊರಗೆ ಕಾಣುವುದಿಲ್ಲ. ಸಂಜೆ ಬೆಚ್ಚಗಿದ್ದ ಮಗು ಬೆಳಗಾಗುವಷ್ಟರಲ್ಲಿ ಕೈಮೀರಬಹುದು.

ಥರ್ಮಾಮೀಟರಿನಲ್ಲಿ ಒಂದೇ ಸಲ 38.3 ಡಿಗ್ರಿ ಸೆಲ್ಸಿಯಸ್, ಅಂದರೆ 101 ಫ್ಯಾರನ್‌ಹೀಟ್ ಬಂದರೂ ಹೊರಡಿ. 38 ಡಿಗ್ರಿ, ಅಂದರೆ 100.4 ಬಂದು ಒಂದು ಗಂಟೆ ಹಾಗೇ ನಿಂತರೂ ಹೊರಡಿ. ನಿಮ್ಮ ಆಸ್ಪತ್ರೆ ಇದಕ್ಕಿಂತ ಕಡಿಮೆ ಅಂಕಿ ಹೇಳಿದ್ದರೆ ಅದೇ ನಿಯಮ. ಜ್ವರವಿಲ್ಲದೆಯೂ ಚಳಿ ಬಂದು ನಡುಗಿದರೆ, ಅದರಲ್ಲೂ ಪೋರ್ಟ್ ಅಥವಾ ಪಿಕ್ ಲೈನ್ (ಔಷಧ ಕೊಡಲು ರಕ್ತನಾಳಕ್ಕೆ ಹಾಕಿರುವ ನಳಿಕೆ) ತೊಳೆದ ಸ್ವಲ್ಪ ಹೊತ್ತಿಗೆ ನಡುಗಿದರೆ, ಕಾಯಬೇಡಿ.

ಮಾಡಬಾರದ ಮೂರು ಕೆಲಸ ನೆನಪಿಡಿ. ಆಸ್ಪತ್ರೆಯನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ: ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ, ನೀವು ಮನೆಯಲ್ಲೇ ಉಳಿದುಬಿಡುತ್ತೀರಿ. ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ: ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆ ಇರುವಾಗ ರಕ್ತಸ್ರಾವ ಆಗಬಹುದು. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಡಿ, ಆ ದಾರಿಯ ಔಷಧವನ್ನೂ ಹಾಕಬೇಡಿ: ಅಲ್ಲಿನ ಸಣ್ಣ ಗಾಯ ಸಾಕು, ಕ್ರಿಮಿಗಳು ರಕ್ತಕ್ಕೆ ಸೇರಲು.

ಆಸ್ಪತ್ರೆಯ ಬಾಗಿಲಲ್ಲಿ "ಮಗು ಕೀಮೋದಲ್ಲಿದೆ, ಜ್ವರ ಇದೆ" ಎಂದು ಮೊದಲ ಮಾತಿನಲ್ಲೇ ಹೇಳಿ, ಸಾಲಿನಲ್ಲಿ ನಿಲ್ಲಬೇಡಿ. ತಲುಪಿದ ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯೋಟಿಕ್ ಒಳಗೆ ಹೋಗಬೇಕು ಎನ್ನುವುದು ಹೆಚ್ಚಿನ ಕಡೆಯ ಗುರಿ. ಚಿಕಿತ್ಸಾ ಕಾರ್ಡ್, ಕೊನೆಯ ರಕ್ತ ಪರೀಕ್ಷೆಯ ವರದಿ, ಔಷಧಗಳ ಪಟ್ಟಿ, ಪೋರ್ಟಿನ ವಿವರ, ಚಾರ್ಜರ್, ಎರಡು ಜೊತೆ ಬಟ್ಟೆ ಇವಿಷ್ಟನ್ನು ಒಂದು ಚೀಲದಲ್ಲಿ ತುಂಬಿ ಬಾಗಿಲ ಹತ್ತಿರವೇ ನೇತುಹಾಕಿರಿ. ಡಿಜಿಟಲ್ ಥರ್ಮಾಮೀಟರ್ ಇರುವ ಈ ಚೀಲವನ್ನು ಸೇರಿದ ದಿನವೇ ಕೊಡುತ್ತೇವೆ. ಅದರ ಬ್ಯಾಟರಿ ಸತ್ತಿದ್ದು ಬೇಕಾದ ರಾತ್ರಿಯೇ ಗೊತ್ತಾಗುವುದು ವಾಡಿಕೆ, ತಿಂಗಳಿಗೊಮ್ಮೆ ಒತ್ತಿ ನೋಡಿ.

ರಕ್ತ, ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕಿಕೊಡುತ್ತೀರಾ?

ಹೌದು. ಆದರೆ ಒಂದು ಮೆಸೇಜ್ ಕಳಿಸಿ ಮೂವತ್ತು ಜನರನ್ನು ಒಂದೇ ಬೆಳಿಗ್ಗೆ ಕರೆಸುವ ಅಭ್ಯಾಸ ನಮ್ಮದಲ್ಲ. ಕೆಂಪು ರಕ್ತಕಣಗಳನ್ನು ತಣ್ಣಗಿಟ್ಟರೆ ಐದಾರು ವಾರ ಉಳಿಯುತ್ತವೆ. ಪ್ಲೇಟ್‌ಲೆಟ್ ಹಾಗಲ್ಲ. 20ರಿಂದ 24 ಡಿಗ್ರಿಯಲ್ಲಿ, ಮೆಲ್ಲಗೆ ಅಲುಗಾಡಿಸುತ್ತಲೇ ಇಡಬೇಕು, ಅದೂ ಸಾಮಾನ್ಯವಾಗಿ 5 ದಿನ. ಆದ್ದರಿಂದ ದಾನಿಗಳು ದಿನ ಹಂಚಿಕೊಂಡು ಬರಬೇಕು. ಯಂತ್ರದಲ್ಲಿ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತ ವಾಪಸ್ ಕೊಡುವ ವಿಧಾನಕ್ಕೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ ಎಂದು ದಾನಿಗೆ ಮೊದಲೇ ಹೇಳಿ. ಗೊತ್ತಿಲ್ಲದೆ ಬಂದವರು ಅರ್ಧಕ್ಕೆ ಎದ್ದು ಹೋಗುತ್ತಾರೆ.

ಇನ್ನೊಂದು ಮಾತು. ಅಪ್ಪ, ಅಮ್ಮ, ಒಡಹುಟ್ಟಿದವರು ಪ್ರೀತಿಯಿಂದ ಮುಂದೆ ಬರುತ್ತಾರೆ. ಮುಂದೆ ಬೋನ್ ಮ್ಯಾರೋ ಕಸಿ ಬೇಕಾಗಬಹುದಾದ ಮಗುವಿಗೆ ಮನೆಯವರ ರಕ್ತ ಕೊಡಬಾರದು. ಮಗುವಿನ ದೇಹ ಆ ರಕ್ತದ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡರೆ ನಾಳೆ ಅವರದೇ ಕಸಿಯನ್ನು ತಿರಸ್ಕರಿಸಬಹುದು. ಮನೆಯವರು ಬೇರೆಯವರಿಗಾಗಿ ಕೊಡಲಿ, ಬೇರೆಯವರದ್ದು ನಿಮ್ಮ ಮಗುವಿಗೆ ಬರಲಿ.

ಉಳಿಯುವ ಕೋಣೆಯಲ್ಲಿ ಅಷ್ಟೊಂದು ನಿಯಮ ಯಾಕೆ?

ಹತ್ತು ಕುಟುಂಬ, ಹತ್ತು ಮಗು, ಹತ್ತರದ್ದೂ ಕೌಂಟ್ ಕಡಿಮೆ. ಒಂದು ಶೀತ ಒಳಗೆ ಬಂದರೆ ಸಾಲಾಗಿ ಎಲ್ಲರ ಕೀಮೋ ಮುಂದಕ್ಕೆ ಹೋಗುತ್ತದೆ. ಬಾಗಿಲಲ್ಲೇ ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಬೇಕು, ಟವಲ್ ಒಬ್ಬೊಬ್ಬರಿಗೆ ಒಂದೊಂದು. ಕೆಮ್ಮು, ಶೀತ, ಭೇದಿ ಇರುವ ನೆಂಟರು ಹೊರಗಿನ ಬೆಂಚಿನವರೆಗೆ ಮಾತ್ರ. ಹೂದಾನಿ ಬೇಡ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪಕ್ಕದಲ್ಲಿ ಕಟ್ಟಡ ಒಡೆಯುತ್ತಿದ್ದರೆ ಕಿಟಕಿ ಮುಚ್ಚಿ, ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಇಳಿಯುವ ಬೂಷ್ಟು ಇರುತ್ತದೆ.

ಸೀತಾಳೆ ಸಿಡುಬಿನ ವಿಚಾರದಲ್ಲಿ ನಾಚಿಕೆ, ಸಂಕೋಚ ಬೇಡ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡುತ್ತದೆ. ನಿಮ್ಮ ಮಗುವಿನ ಜೊತೆ ಆಡಿದ ಮಗುವಿಗೆ ಗುಳ್ಳೆ ಎದ್ದಿದೆ ಎಂದು ಗೊತ್ತಾದ ದಿನವೇ ಆಸ್ಪತ್ರೆಗೂ ನಮಗೂ ತಿಳಿಸಿ. ರಕ್ಷಣೆಗೆ ಕೊಡುವ ಇಂಜೆಕ್ಷನ್ ಎಷ್ಟು ಬೇಗ ಸಿಕ್ಕರೆ ಅಷ್ಟು ಕೆಲಸ ಮಾಡುತ್ತದೆ, 10 ದಿನ ದಾಟಿದ ಮೇಲೆ ಪ್ರಯೋಜನವಿಲ್ಲ. ಹೇಳಿದ್ದಕ್ಕೆ ಯಾರನ್ನೂ ಕೋಣೆಯಿಂದ ಕಳಿಸುವುದಿಲ್ಲ, ಬೇರೆ ಕಡೆ ಜಾಗ ಮಾಡಿಕೊಡುತ್ತೇವೆ.

ಫ್ರಿಜ್‌ನಲ್ಲಿ ಇಡಬೇಕಾದ ಇಂಜೆಕ್ಷನ್ ಹೊರಗಿನಿಂದ ತರಲು ಹೇಳಿದ್ದಾರೆ. ಹೇಗೆ ತರುವುದು?

ಅಸ್ಪರಾಜಿನೇಸ್‌ನಂಥ ಔಷಧ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಯಾದರೆ ಕೆಡುತ್ತದೆ, ಇದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ, ಇದನ್ನು ಮರೆಯುತ್ತಾರೆ. ಐಸ್ ಪ್ಯಾಕಿಗೆ ಬಾಟಲಿ ತಾಗದಂತೆ ನಡುವೆ ಬಟ್ಟೆಯ ಎರಡು ಮಡಿಕೆ ಹಾಕಿ, ಡಬ್ಬಿಯನ್ನು ನೆಟ್ಟಗೆ ಹಿಡಿದು ನೇರ ವಾರ್ಡಿಗೆ ಬನ್ನಿ. ಕರಗಿ ನೀರಾಗಿ ಕಂಡರೆ ಸರಿಯಾಗಿದೆ ಎಂದು ಅರ್ಥವಲ್ಲ, ಸಂಶಯವಿದ್ದರೆ ನರ್ಸ್‌ಗೆ ಹೇಳಿಬಿಡಿ. ಡಬ್ಬಿ, ಪ್ಯಾಕ್ ನಮ್ಮಲ್ಲಿ ಎರವಲು ಸಿಗುತ್ತದೆ.

ಮಗುವಿನ ಸ್ವಭಾವವೇ ಬದಲಾಗಿದೆ. ಹಠ, ಸಿಟ್ಟು, ನಡುರಾತ್ರಿ ಹಸಿವು.

ಸ್ಟಿರಾಯ್ಡ್ ಕೊಡುವ ವಾರಗಳಲ್ಲಿ ಹೀಗಾಗುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತದೆ. ನೀವಾಗಿ ನಿಲ್ಲಿಸಬೇಡಿ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧದ ನಂತರ ಮಲಬದ್ಧತೆ, ದವಡೆ ನೋವು, ನಡೆಯುವಾಗ ಪಾದದ ಮುಂಭಾಗ ಎಳೆಯುವುದು ಕಂಡರೆ ಮುಂದಿನ ಡೋಸ್‌ಗೆ ಮೊದಲೇ ಹೇಳಿ.

ಮನೆಯಲ್ಲಿರುವ ಅಣ್ಣ ತಂಗಿಯರಿಗೆ ಏನು ಹೇಳಬೇಕು?

ನಿಜ ಹೇಳಿ, ವಯಸ್ಸಿಗೆ ತಕ್ಕಷ್ಟು. ಅವರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿರುವುದು ಹೆಚ್ಚಾಗಿ ಮೂರು ಪ್ರಶ್ನೆ: ನಾನು ಬೈದದ್ದಕ್ಕೆ, ಹೊಡೆದದ್ದಕ್ಕೆ ಹೀಗಾಯಿತಾ? ನನಗೂ ಬರುತ್ತದಾ? ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಮೊದಲ ಎರಡಕ್ಕೆ "ಇಲ್ಲ, ಇದು ಅಂಟುರೋಗವಲ್ಲ" ಎಂದು ಮತ್ತೆ ಮತ್ತೆ ಹೇಳಬೇಕು. ಮೂರನೆಯದಕ್ಕೆ ಮಾತು ಸಾಲದು, ಹೆಸರು ಬೇಕು: ಸ್ಕೂಲಿನಿಂದ ಕರೆತರುವವರು ಅಜ್ಜಿ, ರಾತ್ರಿ ಮಲಗುವುದು ಚಿಕ್ಕಮ್ಮನ ಹತ್ತಿರ, ಅಮ್ಮ ಫೋನ್ ಮಾಡುವುದು ಏಳು ಗಂಟೆಗೆ, ಹೀಗೆ. ಈ ಮಕ್ಕಳ ಸ್ಕೂಲ್ ಫೀಸು, ಪುಸ್ತಕ, ವಾರಾಂತ್ಯಕ್ಕೆ ಆಸ್ಪತ್ರೆಗೆ ಬಂದು ಹೋಗುವ ಖರ್ಚು ನಮ್ಮ ಪಟ್ಟಿಯಲ್ಲಿದೆ. ದಾನ ಕೊಡುವವರು ಇದನ್ನು ಚಿಲ್ಲರೆ ಖರ್ಚು ಅಂದುಕೊಳ್ಳುತ್ತಾರೆ, ನಾವು ಒಪ್ಪುವುದಿಲ್ಲ.

ಅವರ ಲಸಿಕೆ ತಪ್ಪಿಸಬೇಡಿ. ಪೋಲಿಯೊ ಮಾತ್ರ ಬಾಯಿಗೆ ಹಾಕುವ ಹನಿಯ ಬದಲು ಇಂಜೆಕ್ಷನ್ ಕೇಳಿ, ಹನಿಯಲ್ಲಿರುವ ಜೀವಂತ ವೈರಸ್ ಮಲದ ಮೂಲಕ ಹೊರಬಂದು ಚಿಕಿತ್ಸೆಯಲ್ಲಿರುವ ಮಗುವಿಗೆ ತಗಲಬಹುದು.

ನಾಟಿ ಔಷಧ, ಪಥ್ಯದ ಪುಡಿ ಜೊತೆಗೆ ಕೊಡಬಹುದಾ?

ಮುಚ್ಚಿಟ್ಟು ಕೊಡಬೇಡಿ. ಲಿವರ್‌ನಲ್ಲಿ ಕೀಮೋ ಜೊತೆ ಕಿತ್ತಾಡುವ ವಸ್ತುಗಳಿರುತ್ತವೆ. ಪೊಟ್ಟಣವನ್ನೇ ವೈದ್ಯರ ಮುಂದೆ ಇಡಿ, ಬೈದರೆ ಬೈಸಿಕೊಳ್ಳಿ. ಅದಕ್ಕೆ ನಾವು ಹಣ ಕೊಡುವುದಿಲ್ಲ.

ಬಟ್ಟೆ, ಆಟಿಕೆ, ಊಟ ತಂದುಕೊಡಬಹುದಾ?

ಹೊಸ ಬಟ್ಟೆ, ಅದರಲ್ಲೂ ಮುಂದೆ ಗುಂಡಿ ಇರುವ ಅಂಗಿ ತುಂಬ ಉಪಯೋಗ. ಪೋರ್ಟ್ ಇರುವುದು ಎದೆಯ ಚರ್ಮದ ಕೆಳಗೆ. ತಲೆಯ ಮೇಲಿಂದ ತೆಗೆಯುವ ಟೀ ಶರ್ಟ್ ಹಾಕಿದ್ದರೆ ಸೂಜಿ ಚುಚ್ಚಲು ಚಳಿಯಲ್ಲಿ ಪೂರ್ತಿ ಬಿಚ್ಚಬೇಕು. ಎರಡು ಗುಂಡಿ ಬಿಚ್ಚಿದರೆ ಸಾಲುವಂತಿರಲಿ. ಆಟಿಕೆ ಹೊಸದಾಗಿರಲಿ, ಒರೆಸಿ ತೊಳೆಯುವಂತಿರಲಿ. ಬಳಸಿದ ಟೆಡ್ಡಿ, ಹೂಗುಚ್ಛ, ಮನೆಯಲ್ಲಿ ಮಾಡಿದ ಊಟ ತೆಗೆದುಕೊಳ್ಳುವುದಿಲ್ಲ. ಊಟವನ್ನು ಯಾರು, ಎಷ್ಟು ಹೊತ್ತಿಗೆ ಮಾಡಿದರು ಎಂದು ನೋಡಲು ನಮ್ಮಿಂದ ಆಗದು.

ನಾನು ಕೊಟ್ಟ ಹಣ ಇಂಥ ಮಗುವಿಗೇ ಹೋಗಲಿ ಅನ್ನಬಹುದಾ? ಫೋಟೋ ಕಳಿಸುತ್ತೀರಾ?

ಎರಡೂ ಇಲ್ಲ. ಮುದ್ದಾಗಿ ಕಾಣುವ ನಾಲ್ಕು ವರ್ಷದ ಮಗುವಿಗೆ ಹಣ ಹರಿದುಬರುತ್ತದೆ, ಮೂಳೆ ಕ್ಯಾನ್ಸರಿನಿಂದ ಕಾಲು ಕಳೆದುಕೊಂಡು ಯಾರ ಜೊತೆಯೂ ಮಾತಾಡದ ಹದಿನೈದರ ಹುಡುಗನಿಗೆ ಬರುವುದಿಲ್ಲ. ಕೂದಲಿಲ್ಲದ ಫೋಟೋ ಇಂಟರ್‌ನೆಟ್‌ಗೆ ಒಮ್ಮೆ ಹೋದರೆ ಆ ಮಗು ದೊಡ್ಡದಾಗಿ ಕೆಲಸ ಹುಡುಕುವಾಗಲೂ ಅಲ್ಲೇ ಇರುತ್ತದೆ. ಖರ್ಚಿನ ಲೆಕ್ಕ, ಆಡಿಟ್ ವರದಿ ಯಾರು ಕೇಳಿದರೂ ಕೊಡುತ್ತೇವೆ.

ಒಂದೇ ಸಲದ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳೂ ಬರುವ ಚಿಕ್ಕ ಮೊತ್ತ ನಮಗೆ ಹೆಚ್ಚು ಬೇಕು. ಚಿಕಿತ್ಸೆ ವರ್ಷಗಟ್ಟಲೆ ನಡೆಯುತ್ತದೆ. ಒಂದು ಕುಟುಂಬವನ್ನು ಸೇರಿಸಿಕೊಳ್ಳುವ ಮೊದಲು ಅದರ ಆರು ತಿಂಗಳ ಖರ್ಚನ್ನು ಪಕ್ಕಕ್ಕೆ ತೆಗೆದಿಡುತ್ತೇವೆ. ಮೂರು ತಿಂಗಳು ಕೊಟ್ಟು ಕೈಬಿಡುವುದಕ್ಕಿಂತ ಮೊದಲೇ ಬೇರೆ ಕಡೆ ಕಳಿಸುವುದು ಮೇಲು.

ಸ್ವಯಂಸೇವಕರಾಗಿ ಬರಬಹುದಾ?

ಬನ್ನಿ, ಆದರೆ ವಾರ್ಡಿಗೆ ಹೋಗುವುದು ಎರಡನೆಯ ಮಾತು. ನಮಗೆ ಜನ ಬೇಕಾಗಿರುವುದು ಫಾರಂ ತುಂಬಲು, ವಾಹನ ಓಡಿಸಲು, ಲೆಕ್ಕ ಬರೆಯಲು. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಪೊಲೀಸ್ ಪರಿಶೀಲನೆ, ಲಸಿಕೆಯ ದಾಖಲೆ ಕಡ್ಡಾಯ, ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ. "ಎಷ್ಟನೇ ಸ್ಟೇಜ್" ಎಂದು ಕೇಳಬೇಡಿ. "ಏನೂ ಆಗಲ್ಲ ಬಿಡಿ" ಎನ್ನಬೇಡಿ, ಅದು ನಿಮಗೂ ಗೊತ್ತಿಲ್ಲ.

ಚಿಕಿತ್ಸೆ ಮುಗಿದ ಮೇಲೆ ನೆರವು ನಿಲ್ಲುತ್ತದಾ?

ತಿಂಗಳ ಮೊತ್ತ ನಿಲ್ಲುತ್ತದೆ, ತಪಾಸಣೆಯ ಓಡಾಟದ ಖರ್ಚು ನಿಲ್ಲುವುದಿಲ್ಲ. ಕೊನೆಯ ದಿನ ಆಸ್ಪತ್ರೆಯಿಂದ ಚಿಕಿತ್ಸೆಯ ಸಾರಾಂಶ ಬರೆಸಿಕೊಳ್ಳಿ: ಯಾವ ಔಷಧ, ಒಟ್ಟು ಎಷ್ಟು, ರೇಡಿಯೇಷನ್ ಎಲ್ಲಿಗೆ. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಎಂಬ ಕೀಮೋ ಔಷಧ ಪಡೆದವರಿಗೆ ವರ್ಷಗಳ ನಂತರವೂ ಹೃದಯದ ಎಕೋ ಪರೀಕ್ಷೆ ಬೇಕಾಗುತ್ತದೆ, ಆಗ ಈ ಕಾಗದವೇ ದಾರಿ. ಒಂದು ಪ್ರತಿ ನಮ್ಮಲ್ಲೂ ಇರುತ್ತದೆ.

ಮಗು ಉಳಿಯದಿದ್ದರೆ?

ಗುಣವಾಗುವ ದಾರಿ ಮುಚ್ಚಿದೆ ಎಂದು ವೈದ್ಯರು ಹೇಳಿದ ಮೇಲೂ ನೋವು ನಿವಾರಣೆಯ ಆರೈಕೆ ನಡೆಯುತ್ತದೆ, ನಮ್ಮ ನೆರವೂ ಅದರ ಜೊತೆಗೇ ಹೋಗುತ್ತದೆ. ಬಾಯಿಂದ ಕೊಡುವ ಮಾರ್ಫಿನ್‌ಗೆ ಹೆದರಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ, ನೋವನ್ನು ದೂರ ಮಾಡುತ್ತದೆ. ಊರಿಗೆ ಹೋಗುವ ವಾಹನ, ಅಂತ್ಯಕ್ರಿಯೆ, ಕಾಗದಪತ್ರ ನಾವು ನೋಡಿಕೊಳ್ಳುತ್ತೇವೆ. ತಿಂಗಳ ಮೊತ್ತ ಇನ್ನೂ ಮೂರು ತಿಂಗಳು ಬರುತ್ತದೆ, ಯಾರಿಂದಲೂ ಏನನ್ನೂ ವಾಪಸ್ ಕೇಳುವುದಿಲ್ಲ. ಹುಟ್ಟುಹಬ್ಬದ ಶುಭಾಶಯದ ಪಟ್ಟಿಯಿಂದ, ಭೇಟಿಯ ದಿನ ನೆನಪಿಸುವ ಮೆಸೇಜಿನಿಂದ ಹೆಸರನ್ನು ಅದೇ ದಿನ ತೆಗೆಯುತ್ತೇವೆ. ಆಸ್ಪತ್ರೆಯಲ್ಲೂ ತೆಗೆಯಲು ಹೇಳುತ್ತೇವೆ, ನೀವು ಹೇಳಬೇಕಾಗಿಲ್ಲ.

ಅರ್ಜಿ ತಿರಸ್ಕಾರವಾದರೆ ಏನು ಮಾಡಬೇಕು?

ಕಾರಣವನ್ನು ಬರವಣಿಗೆಯಲ್ಲಿ ಕೊಡುತ್ತೇವೆ. ಮೊದಲ ನಿರ್ಧಾರ ಮಾಡದ ಇಬ್ಬರು ಅದನ್ನು ಮತ್ತೆ ನೋಡಬೇಕೆಂದು ನೀವು ಕೇಳಬಹುದು, ಒಂದು ವಾರದಲ್ಲಿ ಉತ್ತರ ಬರುತ್ತದೆ. ಆ ಒಂದು ವಾರದಲ್ಲಿ ಕೀಮೋ ದಿನ ಬಂದರೆ ಆ ಭೇಟಿಯ ಖರ್ಚು ನಮ್ಮದೇ.